ಚಪ್ಪಲಿಗೆ ಕಾಲು ಗಂಟೆ

ನನಗೆ ಇಂಟರ್ನೆಟ್ಟಿನ ಮೊದಲ ಪಾಠ ಕಲಿಸಿದ್ದು ಬಾರು ಕಿತ್ತ ಒಂದು ಜೊತೆ ಹವಾಯಿ ಚಪ್ಪಲಿ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಕಂಪ್ಯೂಟರ್ ಬಲ್ಲವನೆಂದು ಮನೆಯವರು ಇಟ್ಟಿರುವ ಅಲ್ಪಸ್ವಲ್ಪ ಗೌರವವೂ ಹೋದೀತೆಂಬ ಭಯ.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷಗಳಾಗಿದ್ದವು. ಜ್ಞಾನಭಾರತಿಯ ಆಚೆಗಿನ ಬಡಾವಣೆಯೊಂದರ ಖಾಸಗಿ ಹಾಸ್ಟೆಲಿನಲ್ಲಿ ನನ್ನ ವಾಸ. ಅಲ್ಲಿ ನೆಟ್ ‘ಇರುತ್ತಿರಲಿಲ್ಲ’, ‘ಬರುತ್ತಿತ್ತು’. ನಮ್ಮ ಭಾಷೆಯೇ ಹಾಗೆ. ನಲ್ಲಿಯಲ್ಲಿ ನೀರು ಬರುತ್ತದೆ, ಕರೆಂಟು ಬರುತ್ತದೆ, ಮೈಮೇಲೆ ದೇವರು ಬರುತ್ತದೆ. ಬರುವಂಥದ್ದು ಯಾವುದೂ ನಮ್ಮ ಕೈಯಲ್ಲಿಲ್ಲ ಎಂಬ ವೇದಾಂತವನ್ನು ಆ ಒಂದು ಕ್ರಿಯಾಪದದಲ್ಲಿ ಅಡಗಿಸಿಟ್ಟಿದ್ದಾರೆ. ನಮ್ಮ ನೆಟ್ಟು ಮಧ್ಯಾಹ್ನ ಎರಡಕ್ಕೆ ಬರುತ್ತಿತ್ತು, ಐದಕ್ಕೆ ಹೋಗುತ್ತಿತ್ತು. ಐದು ಹೊಡೆದೊಡನೆ ಆಫೀಸಿನ ಗುಮಾಸ್ತರು ಮೋಡೆಮ್ಮಿನ ಸ್ವಿಚ್ಚು ಆರಿಸಿ, ಬೀಗ ಹಾಕಿ, ವಿಜಯನಗರದ ಬಸ್ಸು ಹಿಡಿಯುತ್ತಿದ್ದರು. ಹಾಸ್ಟೆಲಿಗೆಲ್ಲ ನೆಟ್ ಇದ್ದ ಕಂಪ್ಯೂಟರ್ ಒಂದೇ ಒಂದು.

ಅದಿದ್ದ ಕೋಣೆಗೆ ದೇವರಮನೆಯ ಮಡಿ. ವಾರ್ಡನ್ ರುದ್ರಪ್ಪನವರು ಹಣೆ ತುಂಬ ವಿಭೂತಿ ಧರಿಸಿ ಬಾಗಿಲಲ್ಲಿ ನಿಂತು ಎಚ್ಚರಿಸುತ್ತಿದ್ದರು: “ಚಪ್ಪಲಿ ಹಾಕ್ಕೊಂಡು ಒಳಗೆ ಹೋಗ್ಬೇಡ್ರಯ್ಯಾ, ವೈರಸ್ ಬರುತ್ತೆ!” ನಾವು ಬೆನ್ನ ಹಿಂದೆ ನಗುತ್ತಿದ್ದೆವು, ಆದರೆ ಚಪ್ಪಲಿ ಮಾತ್ರ ಬಿಡುತ್ತಿದ್ದೆವು. ಯಾರಿಗೆ ಗೊತ್ತು, ಬಂದರೆ?

ಈ ಮಡಿಯಿಂದಲೇ ಹುಟ್ಟಿದ್ದು ಚಪ್ಪಲಿ ಸಾಲು. ನೀರಿನ ಲಾರಿಗೆ ಬಿಂದಿಗೆ ಇಟ್ಟ ಹಾಗೆ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ರೂಮಿಗೆ ಹೋಗಿ ಓದಿಕೊಳ್ಳಬಹುದು. ಸರದಿ ಬಂದಾಗ ಒಡೆಯ ಅಲ್ಲಿರದಿದ್ದರೆ ಅವನ ಚಪ್ಪಲಿಗೆ ಕಾಲು ಗಂಟೆ ಗಡುವು; ಅದು ಮುಗಿದ ಮೇಲೆಯೇ ಹಿಂದಿನವನ ಸರದಿ. ಕಾಲಿಗೆ ಕಾಲು ಗಂಟೆ ಎಂದು ಈ ಕಾನೂನು ಮಾಡಿದವನು ಕನ್ನಡ ಮೇಷ್ಟರ ಮಗನೇ ಇರಬೇಕು. ಪಾದುಕೆಯನ್ನು ಸಿಂಹಾಸನದಲ್ಲಿಟ್ಟು ರಾಜ್ಯವಾಳಿದ ದೇಶದಲ್ಲಿ ಇದನ್ನು ಪ್ರಶ್ನಿಸುವವರು ಯಾರು?

ನಾನು ಪ್ರಶ್ನಿಸಲಿಲ್ಲ, ದುರುಪಯೋಗ ಮಾಡಿಕೊಂಡೆ. ಬಾರಿಗೆ ಪಿನ್ನು ಚುಚ್ಚಿದ ಹಳೆಯ ಜೊತೆಯೊಂದನ್ನು ದಿನವೂ ಊಟವಾದ ಕೂಡಲೇ ಸಾಲಿನಲ್ಲಿ ಬಿಡುತ್ತಿದ್ದೆ. ಕೆಲಸವಿದ್ದರೆ ಹೋಗುವುದು, ಇಲ್ಲದಿದ್ದರೆ ಇಲ್ಲ. ಇದನ್ನು ನಾನು ಮುಂದಾಲೋಚನೆ ಎಂದು ಕರೆದುಕೊಂಡಿದ್ದೆ.

ನನ್ನ ರೂಮ್‌ಮೇಟ್ ಶರಣಪ್ಪ, ಬಿಜಾಪುರದ ಕಡೆಯವನು, ಸಸ್ಯಶಾಸ್ತ್ರದ ವಿದ್ಯಾರ್ಥಿ. ಸಂಶೋಧನೆಯ ಸೀಟೊಂದಕ್ಕೆ ವರ್ಷವೆಲ್ಲ ಕಾದಿದ್ದ. ಒಂದು ಸಂಜೆ ಐದಕ್ಕೆ ಇನ್ನೇನು ನೆಟ್ ಹೋಗಬೇಕು ಎನ್ನುವಾಗ ಅವನಿಗೆ ಮೇಲ್ ಕಂಡಿತು: ಸಂದರ್ಶನಕ್ಕೆ ಬರುವುದಾದರೆ ನಾಳೆ ಸಂಜೆ ಆರರೊಳಗೆ ಮೇಲ್ ಮೂಲಕವೇ ಒಪ್ಪಿಗೆ ತಿಳಿಸತಕ್ಕದ್ದು. ಅಷ್ಟು ಓದುವುದರೊಳಗೆ ಗುಮಾಸ್ತರು ಸ್ವಿಚ್ಚು ಆರಿಸಿದ್ದರು.

ಮರುದಿನ ನಾನು ಸೊಗಸಾದ ಮಧ್ಯಾಹ್ನದ ನಿದ್ದೆಯಿಂದ ಎದ್ದಾಗ ಶರಣಪ್ಪ ಎದುರಿನ ಮಂಚದ ಮೇಲೆ ತಲೆ ತಗ್ಗಿಸಿ ಕೂತಿದ್ದ. ಗಂಟೆ ಐದು ದಾಟಿತ್ತು.

“ಹೋತಲೇ,” ಎಂದ. “ಮೇಲ್ ಬರಿಯಾಕತ್ತಿದ್ದೆ, ನೆಟ್ ಹೋತು.”

“ಮಧ್ಯಾಹ್ನದಿಂದ ಏನ್ ಮಾಡ್ತಿದ್ದೆ ಮಾರಾಯ?”

“ಪಾಳಿ ಬಂದದ್ದೇ ತಡ ಆತು. ಅದರಾಗ ನನ್ನ ಮುಂದ ಒಂದು ಚಪ್ಪಲಿ ಇತ್ತು. ಅದಕ್ಕ ಕಾಲು ಗಂಟೆ ಕೊಡಬೇಕಲ್ಲ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಕಾಲು ನೋಡಿಕೊಂಡೆ. ಬಾಯಿ ಮಾತ್ರ, ಎಂದಿನ ಜಾಣ ಬಾಯಿ, ಬೇರೆಯೇ ಹೇಳಿತು: “ಏಳೋ, ಚಂದ್ರಾ ಲೇಔಟ್‌ನಲ್ಲಿ ಹೊಸದಾಗಿ ಸೈಬರ್ ಸೆಂಟರ್ ಆಗಿದೆ. ಇನ್ನೂ ಟೈಮಿದೆ.”

ಪಕ್ಕದ ರೂಮಿನವನ ಸೈಕಲ್ಲು ತೆಗೆದುಕೊಂಡೆ. ಶರಣಪ್ಪನನ್ನು ಹಿಂದೆ ಕೂರಿಸಿಕೊಂಡು ತುಳಿದೆ; ಅಂಥ ಬೆವರನ್ನು ಅದಕ್ಕೆ ಮೊದಲೂ ಆಮೇಲೂ ನಾನು ಸುರಿಸಿದ್ದಿಲ್ಲ. ಸೈಬರ್ ಸೆಂಟರಿನ ಬಾಗಿಲಲ್ಲಿ ಇಬ್ಬರೂ ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟೆವು. ಕೌಂಟರಿನ ಆಂಟಿ, “ಪರವಾಗಿಲ್ಲ, ಹಾಕ್ಕೊಂಡೇ ಬನ್ರಪ್ಪಾ” ಎಂದರೂ ಶರಣಪ್ಪ ಕೇಳಲಿಲ್ಲ. ಇವತ್ತು ವೈರಸ್ ಬಂದರೆ ಗತಿಯೇನು? ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ. ಪುಟ ತೆರೆಯಿತು, ನಿಂತಿತು, ಮತ್ತೆ ತೆರೆಯಿತು. ನಾನು ನಂಬದ ದೇವರಿಗೆಲ್ಲ ಹರಕೆ ಹೊತ್ತೆ. ಆರಕ್ಕೆ ನಾಲ್ಕು ನಿಮಿಷ ಇರುವಾಗ ಮೇಲ್ ಹೋಯಿತು.

ಎದುರಿನ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತ ತಪ್ಪೊಪ್ಪಿಕೊಳ್ಳಲು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಶರಣಪ್ಪನೇ ಹೇಳಿದ: “ಆ ಪಿನ್ನಿನ ಚಪ್ಪಲಿಗೆ ಹೊಸ ಬಾರ್ ಹಾಕಿಸಲೇ. ಯಾವಾಗರ ಕಾಲಿಗೆ ಚುಚ್ಚತೈತಿ.”

“ಅದು ನಂದು ಅಂತ ಗೊತ್ತಿತ್ತಾ?”

“ಗೊತ್ತಿಲ್ಲದ ಏನು? ಕರಿಯಾಕ ರೂಮಿಗೂ ಬಂದಿದ್ದೆ. ಛಲೋ ನಿದ್ದಿ ಹತ್ತಿತ್ತು ನಿನಗ, ಎಬ್ಬಿಸಲಿಲ್ಲ.”

“ಹಾಗಾದ್ರೆ ದಾಟ್ಕೊಂಡು ಹೋಗ್ಬಾರ್ದಿತ್ತೇನೋ!”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ನೀ ಮಲಗಿದ್ದಿ. ನಿನ್ನ ಪಾಳಿ ಮಲಗಿದ್ದಿಲ್ಲಲ್ಲ?”

ಕಾಫಿ ಬಿಸಿಯಾಗಿತ್ತು ಎಂದು ನೆಪ ಹೇಳಿ ಕಣ್ಣೊರೆಸಿಕೊಂಡೆ. ಆ ಚಪ್ಪಲಿ ಮರುದಿನದಿಂದ ಸಾಲಿಗೆ ಹೋಗಲಿಲ್ಲ.

ಶರಣಪ್ಪನಿಗೆ ಸೀಟು ಸಿಕ್ಕಿತು. ಈಗ ಅವನು ಎಲ್ಲೋ ಹುಡುಗರಿಗೆ ಗಿಡಮರಗಳ ಪಾಠ ಹೇಳುತ್ತಿದ್ದಾನೆ. ನಮ್ಮ ಮನೆಯಲ್ಲಿ ಈಗ ನೆಟ್ಟು ಬರುವುದಿಲ್ಲ, ಗೋಡೆಗಳನ್ನೂ ಲೆಕ್ಕಿಸದೆ ಸದಾ ಇರುತ್ತದೆ. ಎಲ್ಲೋ ಒಮ್ಮೊಮ್ಮೆ ಪುಟ ತೆರೆಯದೆ ಪರದೆಯ ಮೇಲೆ ಚಕ್ರ ಸುಮ್ಮನೆ ಸುತ್ತುತ್ತಿರುತ್ತದೆ. ಆಗ ಮನೆಯವರೆಲ್ಲ ಸೇರಿ ಕಂಪನಿಯವರಿಗೆ ಶಾಪ ಹಾಕುತ್ತಾರೆ. ನಾನು ಮಾತ್ರ, ಮುಂದೆ ಯಾರದೋ ಚಪ್ಪಲಿ ಇರಬೇಕು ಎಂದುಕೊಂಡು ಕಾಲು ಗಂಟೆ ಕಾಯುತ್ತೇನೆ.