ಆಯುಧಪೂಜೆಗೆ ಬಂದ್ ಆದ ಕಂಪ್ಯೂಟರು

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಶಿರಾಳಕೊಪ್ಪದಲ್ಲಿ ಮನೆಗೆ ಅಂಟಿಕೊಂಡಂತೆ ನಮ್ಮದು ಪಂಪ್‌ಸೆಟ್ ಸಾಮಾನಿನ ಅಂಗಡಿ. ಡಿಗ್ರಿ ಮುಗಿಸಿ ಕೂತಿದ್ದ ನಾನು ಹಟ ಹಿಡಿದು ಅಲ್ಲಿಗೊಂದು ಕಂಪ್ಯೂಟರು ತರಿಸಿದ್ದೆ. ಊರೆಲ್ಲ ಓಡಾಡಿ ಬರುವ ಫ್ಲಾಪಿಗಳಿಂದ ಅದಕ್ಕೆ ವೈರಸ್ ಅಂಟಿ ಅಂಟಿ ನನಗೆ ಸಾಕುಸಾಕಾಗಿತ್ತು. ಸೊರಬದಲ್ಲಿದ್ದ ಸೋದರಮಾವನ ಮಗ ಕಾಲೇಜಿನ ಕಂಪ್ಯೂಟರ್ ಕೋಣೆ ನೋಡಿಕೊಳ್ಳುತ್ತಿದ್ದ. ಅವನು ಒಂದು ಸಿ.ಡಿ. ಕೊಟ್ಟ. ಅದರಲ್ಲಿದ್ದದ್ದು ದೊಡ್ಡ ಸರ್ವರ್‌ಗಳಿಗೆಂದು ಯಾರೋ ಪುಣ್ಯಾತ್ಮರು ಬರೆದು, ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಿ ಎಂದು ಪುಕ್ಕಟೆ ಬಿಟ್ಟ ಆಪರೇಟಿಂಗ್ ಸಿಸ್ಟಮ್. "ಸ್ಕೂಟರಿಗೆ ಲಾರಿ ಎಂಜಿನ್ ಕೂರಿಸ್ದ ಹಾಗೆ ಆಗುತ್ತೆ ಮಾರಾಯ್ತಿ, ನೋಡ್ಕೋ" ಎಂದು ನಕ್ಕ. ನಾನು ಕೂರಿಸಿಯೇ ಬಿಟ್ಟೆ.

ವೈರಸ್ ಕಾಟ ತಪ್ಪಿತು, ಬೇರೆ ಭಯ ಹಿಡಿಯಿತು. ಅದು ಹಗಲೂ ರಾತ್ರಿ ನಡೆಯಲೆಂದೇ ಮಾಡಿದ್ದು. ನಿಲ್ಲಿಸಬೇಕೆಂದರೆ ಮೊದಲು ಅಪ್ಪಣೆ ಟೈಪ್ ಮಾಡಿ, ಅದು ತನ್ನ ಲೆಕ್ಕವೆಲ್ಲ ಡಿಸ್ಕಿಗೆ ಬರೆದು ಮುಗಿಸುವ ತನಕ ಕಾಯಬೇಕು. ಸುಮ್ಮನೆ ಸ್ವಿಚ್ ಒತ್ತಿದರೆ ಏನು ಉಳಿದೀತು, ಏನು ಹೋದೀತು ಹೇಳುವ ಹಾಗಿಲ್ಲ. ಕರೆಂಟು ಹೋಗಿ ಯು.ಪಿ.ಎಸ್. ಕುಂಯ್‌ಗುಟ್ಟಿದರೆ ತಟ್ಟೆ ಬಿಟ್ಟು ಏಳುತ್ತಿದ್ದೆ. "ತೊಟ್ಲಾಗಿನ ಕೂಸು ಅತ್ತಂಗ ಓಡ್ತೀಯಲ್ಲೇ" ಎಂದು ಅವ್ವ ಗೊಣಗುತ್ತಿದ್ದಳು.

ಆ ಬೇಸಿಗೆಯಲ್ಲಿ ಅಪ್ಪಾಜಿಯ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದರು ಡಾಕ್ಟರು. ಮನೆಯ ಟೇಪ್ ರೆಕಾರ್ಡರು ಕ್ಯಾಸೆಟ್ ನುಂಗುತ್ತಿದ್ದುದರಿಂದ, ದಾವಣಗೆರೆಗೆ ಹೊರಡುವ ಹಿಂದಿನ ದಿನ ಕಂಪ್ಯೂಟರಿಗೇ ಮೈಕು ಸಿಕ್ಕಿಸಿ ಅಪ್ಪಾಜಿಯನ್ನು ಕೂರಿಸಿದೆ. ಹುಡುಗನಾಗಿದ್ದಾಗ ಬಂದಳಿಕೆ ಊರಿನ ಪಾಳುಗುಡಿಗಳ ನಡುವೆ ಕುರಿ ಕಾಯುವವರ ಜೊತೆ ಬುತ್ತಿ ಹಂಚಿಕೊಂಡು ಉಂಡದ್ದನ್ನು ಹೇಳಿದರು. ಅವ್ವನನ್ನು ನೋಡಲು ಹೋದಾಗ ಚಹಾ ಚೆಲ್ಲಿಕೊಂಡದ್ದನ್ನು ಹೇಳಿದರು. ಅಷ್ಟು ದೊಡ್ಡ ಕಡತ ಫ್ಲಾಪಿಯಲ್ಲಿ ಹಿಡಿಸಲಿಲ್ಲ. ಇದ್ದದ್ದು ಆ ಡಿಸ್ಕಿನಲ್ಲಿ ಮಾತ್ರ. ಆಪರೇಷನ್ ಆಗಿ ಬಂದ ಮೇಲೆ ಅದನ್ನು ಹಾಕಿ ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಆಗಲಿಲ್ಲ. ಇದೆಯಲ್ಲ, ಇರಲಿ ಎಂದುಕೊಂಡೆವು.

ಆಯುಧಪೂಜೆ ಬಂತು. ಅಂಗಡಿಯನ್ನೆಲ್ಲ ಗುಡಿಸಿ ಸಾರಿಸುವಾಗ ನನಗೂ ಹುಮ್ಮಸ್ಸು ಬಂದು ಡಿಸ್ಕನ್ನೂ ಚೊಕ್ಕ ಮಾಡೋಣವೆಂದು ಹೊರಟೆ. ಅಪ್ಪಾಜಿಯ ದನಿಯೂ ಸೇರಿದಂತೆ ಹಳೆಯ ಕಡತಗಳನ್ನೆಲ್ಲ ಡಿಸ್ಕಿನ ಒಂದು ಭಾಗದಿಂದ ಇನ್ನೊಂದಕ್ಕೆ ಸಾಗಿಸುವ ಕೆಲಸ ಹಚ್ಚಿ, ಚೆಂಡುಹೂವು, ಬೂದುಗುಂಬಳ ತರಲು ಪೇಟೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಪರದೆ ಕಪ್ಪಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದ ಪೆಟ್ಟಿಗೆಯ ಮೇಲೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ಪಕ್ಕದಲ್ಲಿ ಅಪ್ಪಾಜಿ, ಕೊರಳ ತೂತು ಮುಚ್ಚಲು ಕಟ್ಟಿದ ಬಿಳಿ ಬಟ್ಟೆ ಸರಿಮಾಡಿಕೊಳ್ಳುತ್ತ ತೃಪ್ತಿಯಿಂದ ನಿಂತಿದ್ದರು. ನಡೆಯುವ ಯಂತ್ರಕ್ಕೆ ಪೂಜೆಯಿಲ್ಲ ಎಂಬುದು ನಮ್ಮ ಅಂಗಡಿಯ ಪದ್ಧತಿ. ತಕ್ಕಡಿ, ಮೋಟರು, ಡ್ರಿಲ್ಲಿಂಗ್ ಮಷಿನ್ನುಗಳ ಜೊತೆಗೆ ಯು.ಪಿ.ಎಸ್.ಗೆ ಸಿಕ್ಕಿಸಿದ್ದ ಅದರ ಪ್ಲಗ್ಗನ್ನೂ ಅವರೇ ಕಿತ್ತಿದ್ದರು.

ಹಚ್ಚಿ ನೋಡೋಣವೆಂದರೆ, ಪೂಜೆಯಾದ ಆಯುಧವನ್ನು ದಶಮಿಯ ಬೆಳಗಿನ ತನಕ ಮುಟ್ಟುವಂತಿಲ್ಲ. ನಾನು ಪ್ಲಗ್ಗಿಗೆ ಕೈ ಹಾಕಿದ್ದನ್ನು ಕಂಡು ಅಪ್ಪಾಜಿ ಬೇಡವೆಂದು ತಲೆಯಾಡಿಸಿದರು. ನಿಮ್ಮ ದನಿಯನ್ನು ನೀವೇ ಅಳಿಸಿದಿರೇನೋ ಎಂದು ಯಾವ ಬಾಯಲ್ಲಿ ಹೇಳಲಿ? ಎಸ್.ಟಿ.ಡಿ. ಬೂತಿಗೆ ಓಡಿ ಸೊರಬಕ್ಕೆ ಫೋನ್ ಮಾಡಿದೆ. "ಹೆದರ್ಬೇಡ ಮಾರಾಯ್ತಿ" ಎಂದ ಮಾವನ ಮಗ. "ಅದು ಒಂದೊಂದೇ ಪ್ರಶ್ನೆ ಕೇಳುತ್ತೆ. ಎಲ್ಲದಕ್ಕೂ ಹೂಂ ಅನ್ನು. ಹೆಸರು ಕಳ್ಕೊಂಡ ಕಡತಗಳನ್ನ ಒಂದು ಕಡೆ ಗುಡ್ಡೆ ಹಾಕಿರುತ್ತೆ, ಅಲ್ಲಿ ಹುಡುಕು." ಅವನ ದನಿಯಲ್ಲೇ ಹೆದರಿಕೆಯಿತ್ತು. ಆ ದಿನದ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ದಶಮಿಯ ಬೆಳಿಗ್ಗೆ ಹೂವು ತೆಗೆದು ಸ್ವಿಚ್ ಹಾಕಿದೆ. ಡಿಸ್ಕು ಕರಕರ ಎಂದಿತು. ತಾನಾಗಿ ಸರಿಪಡಿಸಲಾರೆ, ನೀನೇ ನೋಡು ಎಂಬರ್ಥದ ಸಾಲು ಪರದೆಯ ಮೇಲೆ ನಿಂತಿತು. ಆಮೇಲೆ ಪ್ರಶ್ನೆಗಳು. ಇದು ಹಾಳಾಗಿದೆ, ತೆಗೆಯಲೇ? ಇದಕ್ಕೆ ದಿಕ್ಕಿಲ್ಲ, ಜೋಡಿಸಲೇ? ತೆಗೆಯುತ್ತಿರುವುದು ಯಾವುದನ್ನೆಂದು ಅದು ಹೇಳುತ್ತಿರಲಿಲ್ಲ. ಎಲ್ಲದಕ್ಕೂ ಹೂಂ ಅಂದೆ. ಮುಗಿದ ಮೇಲೆ ನೋಡಿದರೆ ಅಪ್ಪಾಜಿಯ ಹೆಸರಿನ ಕಡತ ಎರಡು ಜಾಗದಲ್ಲೂ ಇರಲಿಲ್ಲ.

ಗುಡ್ಡೆ ಬಿದ್ದ ತುಣುಕುಗಳಿಗೆ ಬರೀ ನಂಬರು. ಒಂದೊಂದನ್ನೇ ಸ್ಪೀಕರಿಗೆ ಕಳಿಸಿದೆ. ಬರೀ ಗರಗರ. ಅಷ್ಟರಲ್ಲಿ ಅವ್ವ ಚಹಾ ತಂದಳು, ಅಪ್ಪಾಜಿ ಸ್ಟೂಲ್ ಎಳೆದುಕೊಂಡು ಕೂತರು. ಇನ್ನೊಂದು ತುಣುಕು ಕಳಿಸಿದೆ. ಸ್ಪೀಕರಿನ ಗರಗರದ ನಡುವಿನಿಂದ ಅಪ್ಪಾಜಿ ಕೆಮ್ಮಿದರು. "ಸಾಕ್ ಬಿಡವ್ವ. ಕರೆಂಟು ಸುಮ್ನ ಉರಿಯಾಕತ್ತೈತಿ. ಬಂದ್ ಮಾಡ್ ಅದನ್ನ."

ಅಷ್ಟೇ. ಬಂದಳಿಕೆ ಇಲ್ಲ, ಕುರಿ ಇಲ್ಲ, ಚಹಾ ಚೆಲ್ಲಿದ್ದೂ ಇಲ್ಲ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ತಮ್ಮದೇ ಮಾತು ಕೇಳಿದ ಅಪ್ಪಾಜಿಯ ಕೈ ರೂಢಿಯಂತೆ ಸ್ವಿಚ್ಚಿನ ಕಡೆ ಹೋಯಿತು. ನಾನು ಚೀರಿ ಆ ಕೈ ಹಿಡಿದುಕೊಂಡೆ. ನನ್ನ ಮುಖವನ್ನೇ ನೋಡುತ್ತ ಕೂತ ಅವರಿಗೆ ನಿನ್ನೆಯಿಂದ ನಾನು ಯಾಕೆ ಉಂಡಿಲ್ಲ ಎಂಬುದು ನಿಧಾನವಾಗಿ ತಿಳಿಯಿತು. ಕೈ ಹಿಂದೆ ತೆಗೆದುಕೊಂಡು, ಇನ್ನೊಂದು ಸಲ ಎಂದು ಬೆರಳೆತ್ತಿದರು.

ಮತ್ತೆ ಹಾಕಿದೆ. ಬಂದ್ ಮಾಡು ಅಂದರು ಅಪ್ಪಾಜಿ. ನಾನು ಬಂದ್ ಮಾಡಲಿಲ್ಲ.