ಬಣ್ಣ ಬಿಟ್ಟ ನೀರು

ಜರ್ಮನಿಯ ಡಾರ್ಮ್‌ಸ್ಟಾಟ್‌ಗೆ ಬಂದು ಒಂದೂವರೆ ವರ್ಷವಾದರೂ ಫ್ಲೇವಿಯಾ ಮಥಾಯಸ್ ಲ್ಯಾಬಿನಲ್ಲಿ ಮಾಡುವ ಕೆಲಸ ಏನೆಂದು ಉಡುಪಿಯ ನೆಂಟರಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು.

ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಿಂದ ಕ್ಯಾನುಗಳಲ್ಲಿ ಹೊಲಸು ನೀರು ಬರುತ್ತಿತ್ತು. ಕೆಂಪಗೆ, ನೊರೆನೊರೆಯಾಗಿ, ಕೊಳೆತ ಮೊಟ್ಟೆಯ ನಾತ. ಅವಳು ಒಣ ನುಗ್ಗೆಸೊಪ್ಪನ್ನು ಕಷಾಯದ ಹಾಗೆ ಕುದಿಸಿ, ಸೋಸಿ, ಕಬ್ಬಿಣದ ಲವಣ ಬೆರೆಸುತ್ತಿದ್ದಳು. ಕಷಾಯ ಕಪ್ಪಗಾದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ನ್ಯಾನೋ ಕಣಗಳು ಹುಟ್ಟಿದವೆಂದು ಅರ್ಥ. ಅದನ್ನು ಕೆಂಪು ನೀರಿಗೆ ಸುರಿದರೆ ಅರ್ಧ ಗಂಟೆಯಲ್ಲಿ ಬಣ್ಣ ಮಾಯ. ಉಳಿದ ಬಣ್ಣವನ್ನು ಯಂತ್ರದಲ್ಲಿ ಅಳೆದು, ರಿಪೋರ್ಟಿಗೆ ಸೈನ್ ಹಾಕಿದರೆ ಮುಗಿಯಿತು. ಹೀಗೆ ಎರಡು ರಿಪೋರ್ಟು ಕಾರ್ಖಾನೆಗೆ ಕಳಿಸಿದ್ದಳು.

ಮೂರನೆಯ ಸಲ ಏನನ್ನಿಸಿತೋ, ಪಕ್ಕದ ಲ್ಯಾಬಿನಲ್ಲಿ ವಿಷ ಪರೀಕ್ಷೆಗೆಂದು ಸಾಕಿ ಮಿಕ್ಕಿದ್ದ ಇಪ್ಪತ್ತು ನೀರುಹುಳಗಳನ್ನು ತಂದು ಆ ತಿಳಿನೀರಿಗೆ ಬಿಟ್ಟಳು. ಎಳ್ಳುಕಾಳಿನಷ್ಟು ಗಾತ್ರದ, ಪುಟಪುಟ ನೆಗೆಯುವ ಜೀವಗಳು. ಎರಡನೆಯ ದಿನ ಬೆಳಿಗ್ಗೆ ಒಂದೂ ಮಿಸುಕಲಿಲ್ಲ. ಬಣ್ಣ ಒಡೆದು ಬಣ್ಣವಿಲ್ಲದ ವಿಷವಾಗಿತ್ತು, ಅಷ್ಟೇ. ಥೂ! ಆ ಕೆಂಪು ನೀರಾದರೂ ತಾನು ಕೆಟ್ಟದ್ದೆಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿತ್ತು. ಇದು ಕುಡಿಯುವ ನೀರಿನ ಸೋಗು ಹಾಕಿ ಕೂತಿತ್ತು.

ಟೀಮ್ ಲೀಡ್ ಗಿರಿಧರ್ ಮೈಸೂರಿನವನು. ಬ್ರೆಟ್ಸೆಲ್ ಬ್ರೆಡ್ಡು ಜಗಿಯುತ್ತಲೇ ಕೇಳಿಸಿಕೊಂಡ.

"ಕಲರ್ ಹೋಯ್ತಲ್ಲ, ಸಾಕ್ ಬಿಡ್ರೀ. ಕಸ್ಟಮರ್ ಕೇಳಿರೋದೇ ಕಲರ್ರು. ಹುಳದ್ ಪೇಜ್ ತೆಗೆದು ಸೈನ್ ಹಾಕಿ."

"ಎಂತ ಸರ್ ನೀವು ಹೇಳೋದು? ಒಂದು ಸಹ ಉಳೀಲಿಲ್ಲ."

"ನಿಮ್ ಬ್ಲೂ ಕಾರ್ಡ್ ವೀಸಾಕ್ಕೆ ಇನ್ನೂ ಎರಡು ವರ್ಷ ಆಗಿಲ್ಲ. ಕೆಲಸ ಹೋದ್ರೆ ಬೇರೆ ಹುಡ್ಕೋಕೆ ಮೂರೇ ತಿಂಗ್ಳು ಟೈಮು. ಆಸ್‌ಲೆಂಡರ್‌ಬೆಹೋರ್ಡೆ ವೀಸಾ ಆಫೀಸ್ನವ್ರು ಹುಳ ಸತ್ತಿದ್ದಕ್ಕೆ ಅಳ್ತಾರಾ?"

ಬಾಯಲ್ಲಿ ಅರ್ಧ ಅರೆದ ಬ್ರೆಡ್ಡು ಕಾಣಿಸುವ ಹಾಗೆ ನಕ್ಕ. ಫ್ಲೇವಿಯಾ ಹೇಸಿ ಮುಖ ತಿರುಗಿಸಿದಳು. ಅದಕ್ಕಿಂತ ಹೇಸಿಗೆಯಾದದ್ದು, 'ಆಯ್ತು ಸರ್' ಎನ್ನುವ ಮಾತು ತನ್ನ ನಾಲಿಗೆಯ ತುದಿಗೂ ಬಂದು ನಿಂತಿದ್ದಕ್ಕೆ.

ಹನ್ನೊಂದು ಗಂಟೆಗೆ ಕಾರ್ಖಾನೆಯ ಮಾಲೀಕ ಹೆರ್ ಫೋಗ್ಟ್ ಬಂದ. ಗಿರಿಧರ್ ಕೆಂಪು ನೀರಿನ ಬಾಟಲಿಯನ್ನೂ ತಿಳಿನೀರಿನ ಬಾಟಲಿಯನ್ನೂ ಮುಂದಿಟ್ಟು, ಹೆಣ್ಣು ತೋರಿಸುವವನ ಸಡಗರದಲ್ಲಿ ವರ್ಣಿಸಿದ.

"ಹಾಗಾದರೆ ಇದನ್ನೂ ಹೊಳೆಗೆ ಬಿಡಬಹುದು?" ಎಂದು ಫೋಗ್ಟ್ ಕೇಳಿದ.

"ನಾಟ್ಯೂರ್ಲಿಶ್! ಖಂಡಿತ!" ಎಂದ ಗಿರಿಧರ್.

ಫ್ಲೇವಿಯಾ ಒಳಗೆ ಹೋಗಿ ಸತ್ತ ಹುಳಗಳ ಬೀಕರನ್ನು ತಂದು ಮೇಜಿನ ಮೇಲಿಟ್ಟಳು. ಎರಡು ದಿನದಲ್ಲಿ ಆದದ್ದನ್ನು ಜರ್ಮನ್‌ನಲ್ಲಿ, ತಡವರಿಸುತ್ತಲೇ, ಬಿಡಿಸಿ ಹೇಳಿದಳು.

"ತಲೆ ಕೆಟ್ಟಿದ್ಯೇನ್ರೀ ನಿಮ್ಗೆ!" ಗಿರಿಧರ್ ಕನ್ನಡದಲ್ಲಿ ಹಲ್ಲು ಕಡಿದ.

ಅವಳು ಅವನ ಕಡೆ ನೋಡಲಿಲ್ಲ. "ಹಿಂದಿನ ಎರಡು ರಿಪೋರ್ಟಿಗೂ ನನ್ನದೇ ಸೈನ್. ಆಗ ನಾನು ಬಣ್ಣ ಮಾತ್ರ ಅಳೆದಿದ್ದೆ. ಅವನ್ನೂ ನಂಬಬೇಡಿ" ಎಂದು ಫೋಗ್ಟ್‌ಗೆ ಹೇಳಿದಳು. ಕೆಲಸ ಹೋಯಿತೆಂದು ಗೊತ್ತಾಯಿತು. ಆದರೂ ಎದೆ ಹಗುರವಾಯಿತು.

ಫೋಗ್ಟ್ ಬೀಕರನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

"ಆ ಸೈನ್ ನಂಬಿ ಏಪ್ರಿಲ್‌ನಲ್ಲೇ ಎರಡು ತೊಟ್ಟಿ ನೀರು ಹೊಳೆಗೆ ಬಿಟ್ಟಾಯಿತಲ್ಲ, ಫ್ರಾವ್ ಮಥಾಯಸ್."