ಕಾಲುವೆ ಮನೆಯ ಕಿಟಕಿಯಿಂದ ಇಳಿದ ಪೆಟ್ಟಿಗೆ

ಡಚ್ ಊರಾದ ಡೆಲ್ಫ್ಟ್‌ನ ಕಾಲುವೆ ದಂಡೆಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ನನ್ನನ್ನು ಅಜ್ಜಿಯೊಬ್ಬರು ದೂರದಿಂದಲೇ ಕೈಸನ್ನೆ ಮಾಡಿ ನಿಲ್ಲಿಸಿದರು. ಅವರ ಹಳೆಯ ಮನೆಯ ಮೂರನೇ ಮಹಡಿಯ ಕಿಟಕಿಯಲ್ಲಿ, ಹಗ್ಗ ಬಿಗಿದ ಶವಪೆಟ್ಟಿಗೆಯೊಂದು ಇಳಿಯಲು ಸಿದ್ಧವಾಗಿತ್ತು. ಒಳಗಿದ್ದವರು ಅವರ ಗಂಡ.

"ಈ ಹಗ್ಗ ಸ್ವಲ್ಪ ಹಿಡ್ಕೊಳ್ತೀರಾ? ಕೊರೋನಾ ಅಂತ ಶವಸಂಸ್ಕಾರದವರು ಇಬ್ಬರೇ ಬಂದಿದ್ದಾರೆ, ಇಬ್ಬರೂ ಮೇಲಿದ್ದಾರೆ" ಎಂದರು ಡಚ್ಚಿನಲ್ಲಿ.

ಆ ಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು, ತೀರಾ ಕಿರಿದು. ದೊಡ್ಡ ಸಾಮಾನು ಅಲ್ಲಿ ತಿರುಗುವುದಿಲ್ಲ. ಅದಕ್ಕೇ ಮನೆಯ ನೆತ್ತಿಯಲ್ಲಿ ಕೊಕ್ಕೆ ಇರುವ ತೊಲೆಯೊಂದು ಹೊರಚಾಚಿರುತ್ತದೆ. ಎತ್ತುವ ಸಾಮಾನು ತಾಗದಿರಲೆಂದು ಮುಂಗೋಡೆಯನ್ನೇ ರಸ್ತೆಯ ಕಡೆ ತುಸು ಬಾಗಿಸಿ ಕಟ್ಟಿರುತ್ತಾರೆ. ಆದರೂ ಅಂದು ಗಾಳಿಯಿತ್ತು. ಪೆಟ್ಟಿಗೆ ಗೋಡೆಗೆ ಬಡಿಯದಂತೆ, ಅದಕ್ಕೆ ಕಟ್ಟಿ ಕೆಳಗೆ ಬಿಟ್ಟಿದ್ದ ಹಗ್ಗವನ್ನು ಎಳೆದು ಹಿಡಿಯುವುದಷ್ಟೇ ನನ್ನ ಕೆಲಸ. ಅದು ನಿಧಾನವಾಗಿ ಇಳಿಯಿತು.

ನೆಲ ಮುಟ್ಟಿದ ಮೇಲೆ ಅಜ್ಜಿ ಅದರ ಮೇಲೆ ಅಂಗೈ ಇಟ್ಟರು. "ನಾವು ಮದುವೆಯಾದ ವರ್ಷ ನಮ್ಮ ಮಂಚ ಇದೇ ಕಿಟಕಿಯಿಂದ ಒಳಗೆ ಹೋಯಿತು. ನೀವು ನಿಂತಿರೋ ಜಾಗದಲ್ಲೇ ಇವರು ಹಗ್ಗ ಹಿಡಿದು ನಿಂತಿದ್ದರು" ಎಂದರು. ಅವರಿಗೆ ನನ್ನಿಂದ ಮಾತು ಬೇಕಿರಲಿಲ್ಲ, ಕೇಳುವವರೊಬ್ಬರಿದ್ದರೆ ಸಾಕಿತ್ತು.

ಉಡುಪಿಯಲ್ಲಿ ನನ್ನ ಚಿಕ್ಕಪ್ಪ ತೀರಿಕೊಂಡು ಆಗ ಎರಡು ವಾರವಾಗಿತ್ತು. ವಿಮಾನವಿಲ್ಲದೆ ಹೋಗಲಾಗಿರಲಿಲ್ಲ. ಏನು ಹೇಳಬೇಕೆಂದು ತಿಳಿಯದೆ ಚಿಕ್ಕಮ್ಮನಿಗೆ ಫೋನೂ ಮಾಡಿರಲಿಲ್ಲ. ಅಂದು ಮನೆಗೆ ಬಂದ ಕೂಡಲೇ ಮಾಡಿದೆ. ಅವರು ಒಂದು ಗಂಟೆ ಚಿಕ್ಕಪ್ಪನ ಬಗ್ಗೆ ಮಾತಾಡಿದರು. ನಾನು ಕೇಳಿಸಿಕೊಂಡೆ.